ಎಳೆಯ ಮಕ್ಕಳ ಕಣ್ಣು: ಬಣ್ಣದ ವ್ಯತ್ಯಾಸ ಮತ್ತು ಪಾಪೆಯ ಬಿಳಿ ಹೊಳಪು

(ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದ ಗ್ರಾಮ ಪಂಚಾಯಿತಿ ಸದಸ್ಯರು, ಅಂಗನವಾಡಿ ಹಾಗೂ ಆಶಾ ಕಾರ್ಯಕರ್ತೆಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



‘ಬೆಕ್ಕಿನ ಕಣ್ಣು’ ಎಂಬ ಮಾತು ಇಲ್ಲಿ ಸೇರಿರುವ ಎಲ್ಲರಿಗೂ ಪರಿಚಿತವಾದುದು. ಮಗುವಿನ ಕಣ್ಣಿನ ಕರಿಭಾಗವು ಕಪ್ಪಾಗಿರದೆ ಬೂದು, ಹಸಿರು ಅಥವಾ ಜೇನಿನ ಬಣ್ಣದ್ದಾಗಿದ್ದರೆ ಜನರು ಹಾಗೆನ್ನುತ್ತಾರೆ. ಅಜ್ಜನಿಗೋ ಸೋದರತ್ತೆಗೋ ಅಂಥದೇ ಕಣ್ಣಿದ್ದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಮುಗಿಯುವುದು ಸರಿಯೂ ಹೌದು. ಆದರೆ ಇದೇ ಹೆಸರನ್ನು ಮತ್ತೊಂದು ಲಕ್ಷಣಕ್ಕೂ ಬಳಸುವುದುಂಟು. ಸಂಜೆಯ ಮಬ್ಬಿನಲ್ಲಿ ದೀಪದ ಬೆಳಕು ಓರೆಯಾಗಿ ಬಿದ್ದಾಗ, ಮಗುವಿನ ಕಣ್ಣಿನ ನಟ್ಟನಡುವೆ ಬಿಳಿಯ ಅಥವಾ ಹಳದಿಯ ಹೊಳಪು ಕ್ಷಣಕಾಲ ಮಿಂಚಿ ಮರೆಯಾಗುತ್ತದೆ. ಸುಮಾರು ಇನ್ನೂರು ವರ್ಷಗಳ ಹಿಂದೆ ಯುರೋಪಿನ ವೈದ್ಯರೂ ಈ ಹೊಳಪಿಗೆ ಬೆಕ್ಕಿನ ಕಣ್ಣೆಂದೇ ಹೆಸರಿಟ್ಟಿದ್ದರು. ಮೊದಲನೆಯದು ಕೇವಲ ಬಣ್ಣ. ಎರಡನೆಯದು ಮಗುವಿನ ಪ್ರಾಣಕ್ಕೆ ಸಂಬಂಧಿಸಿದ ಗುರುತಾಗಿರಬಹುದು. ಎರಡಕ್ಕೂ ಒಂದೇ ಹೆಸರಿರುವುದರಿಂದ ಎರಡನೆಯದನ್ನು ಮೊದಲನೆಯದೆಂದು ಭಾವಿಸಿ ತಿಂಗಳುಗಟ್ಟಲೆ ಸುಮ್ಮನಿರುವ ಅಪಾಯವಿದೆ. ಇಂದಿನ ವಿಷಯ ಈ ವ್ಯತ್ಯಾಸವೇ ಆಗಿದೆ.

ಕಣ್ಣಿನ ರಚನೆಯನ್ನು ಸ್ವಲ್ಪ ಗಮನಿಸಬೇಕು. ಬಿಳಿಭಾಗದ ನಡುವೆ ಕಾಣುವ ಬಣ್ಣದ ಉಂಗುರವನ್ನು ಐರಿಸ್ ಎನ್ನುತ್ತಾರೆ. ಆ ಉಂಗುರದ ನಡುವಿನ ಕಪ್ಪು ಚುಕ್ಕೆಯೇ ಪಾಪೆ. ಪಾಪೆಯು ವಾಸ್ತವವಾಗಿ ಒಂದು ವಸ್ತುವಲ್ಲ, ಒಂದು ರಂಧ್ರ. ಆಳವಾದ ಬಾವಿಯ ಬಾಯಿ ಮೇಲಿನಿಂದ ಕಪ್ಪಾಗಿ ಕಾಣುವಂತೆ ಅದೂ ಕಪ್ಪಾಗಿ ಕಾಣುತ್ತದೆ, ಏಕೆಂದರೆ ಒಳಹೋದ ಬೆಳಕು ಹೊರಗೆ ಬರುವುದು ತೀರ ಕಡಿಮೆ. ಬಾವಿಯ ತಳದಲ್ಲಿ ಸುಣ್ಣ ಬಳಿದ ಚಪ್ಪಡಿ ಇಟ್ಟರೆ ಮೇಲೆ ನಿಂತವನಿಗೆ ಬಿಳುಪು ಕಾಣುತ್ತದೆಯಷ್ಟೆ. ಪಾಪೆಯಲ್ಲಿ ಬಿಳುಪು ಕಂಡಿತೆಂದರೆ ಒಳಗೆ ಬೆಳಕನ್ನು ಹಿಂದಕ್ಕೆ ಎಸೆಯುವ ಏನೋ ಒಂದು ಬೆಳೆದಿದೆ ಅಥವಾ ಅಡ್ಡ ನಿಂತಿದೆ ಎಂದು ಅರ್ಥ. ಆದ್ದರಿಂದ ಕಾರ್ಯಕರ್ತೆಯರು ನೆನಪಿಡಬೇಕಾದ ಮೊದಲ ಪ್ರಶ್ನೆ ‘ಕಣ್ಣು ಯಾವ ಬಣ್ಣದ್ದು’ ಎಂಬುದಲ್ಲ, ‘ಬಣ್ಣವಿರುವುದು ಉಂಗುರದಲ್ಲೋ, ಉಂಗುರದ ನಡುವಿನ ರಂಧ್ರದಲ್ಲೋ’ ಎಂಬುದು.

ರಂಧ್ರದಲ್ಲಿ ಬಿಳುಪು ಕಾಣಲು ಹಲವು ಕಾರಣಗಳಿವೆ. ಹುಟ್ಟಿನಿಂದ ಬಂದ ಕಣ್ಣಿನ ಪೊರೆ, ಜನರು ಮೋತಿಬಿಂದು ಎನ್ನುವುದು, ಅವುಗಳಲ್ಲಿ ಒಂದು. ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಲ್ಲಿ ಅಕ್ಷಿಪಟ ಹಾಳಾಗುವುದು ಮತ್ತೊಂದು. ಅತ್ಯಂತ ಗಂಭೀರವಾದ ಕಾರಣ ರೆಟಿನೋಬ್ಲಾಸ್ಟೋಮಾ, ಅಂದರೆ ಕಣ್ಣಿನ ಹಿಂಭಾಗದ ಅಕ್ಷಿಪಟದಲ್ಲಿ ಹುಟ್ಟುವ ಕ್ಯಾನ್ಸರ್ ಗಂಟು. ಇದು ಹೆಚ್ಚುಕಡಿಮೆ ಐದು ವರ್ಷದೊಳಗಿನ ಮಕ್ಕಳ ಕಾಯಿಲೆ. ಎರಡೂ ಕಣ್ಣುಗಳಲ್ಲಿ ಬರುವ ಬಗೆಯು ಸಾಮಾನ್ಯವಾಗಿ ಮೊದಲ ವರ್ಷದ ಆಸುಪಾಸಿನಲ್ಲಿಯೂ, ಒಂದೇ ಕಣ್ಣಿನಲ್ಲಿ ಬರುವ ಬಗೆಯು ಎರಡನೆಯ ವರ್ಷದ ಆಸುಪಾಸಿನಲ್ಲಿಯೂ ಕಾಣಿಸಿಕೊಳ್ಳುತ್ತದೆ. ಗಂಟಿನೊಳಗೆ ಸುಣ್ಣದ ಅಂಶ ಶೇಖರವಾಗುವುದು ಇದರ ವಿಶೇಷ. ವೈದ್ಯರು ಸ್ಕ್ಯಾನಿನಲ್ಲಿ ಅದನ್ನೇ ಗುರುತಿಸುತ್ತಾರೆ. ಬಾವಿ ಮತ್ತು ಸುಣ್ಣದ ಹೋಲಿಕೆ ಕೇವಲ ಹೋಲಿಕೆಯಾಗಿ ಉಳಿಯುವುದಿಲ್ಲ.

ಕಾಯಿಲೆ ಏಕೆ ಬರುತ್ತದೆ ಎಂಬುದನ್ನು ಮನೆಯವರು ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧವಿರಬೇಕು. 1971ರಲ್ಲಿ ಆಲ್ಫ್ರೆಡ್ ನಡ್ಸನ್ ಎಂಬ ಅಮೆರಿಕದ ವೈದ್ಯರು ಕೇವಲ 48 ಮಕ್ಕಳ ದಾಖಲೆಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿ ಒಂದು ವಿವರಣೆ ನೀಡಿದರು. ಜೀವಕೋಶದ ಮಿತಿಮೀರಿದ ಬೆಳವಣಿಗೆಯನ್ನು ತಡೆಯುವ ವಂಶವಾಹಿಯ ಎರಡು ಪ್ರತಿಗಳು ಪ್ರತಿಯೊಬ್ಬರಲ್ಲಿಯೂ ಇರುತ್ತವೆ. ಎರಡೂ ಕೆಟ್ಟಾಗ ಮಾತ್ರ ಗಂಟು ಬೆಳೆಯುತ್ತದೆ. ಕೆಲವು ಮಕ್ಕಳು ಹುಟ್ಟುವಾಗಲೇ ಒಂದು ಪ್ರತಿ ಕೆಟ್ಟಿರುತ್ತದೆ. ಅವರಲ್ಲಿ ಕಾಯಿಲೆ ಬೇಗ ಬರುತ್ತದೆ, ಹಲವು ವೇಳೆ ಎರಡೂ ಕಣ್ಣಿಗೆ ಬರುತ್ತದೆ. 1986ರಲ್ಲಿ ಆ ವಂಶವಾಹಿಯೇ ಕೈಗೆ ಸಿಕ್ಕಿತು. ಕ್ಯಾನ್ಸರನ್ನು ತಡೆಯುವ ವಂಶವಾಹಿಗಳ ಪೈಕಿ ವಿಜ್ಞಾನಿಗಳು ಮೊದಲು ಬೇರ್ಪಡಿಸಿ ಗುರುತಿಸಿದ್ದು ಇದನ್ನೇ. ಗ್ರಾಮೀಣ ಕುಟುಂಬಕ್ಕೆ ಇದರಿಂದ ತಿಳಿಯಬೇಕಾದ ಸಂಗತಿ ಇಷ್ಟು: ತಾಯಿ ಗರ್ಭಿಣಿಯಾಗಿದ್ದಾಗ ತಿಂದದ್ದರಿಂದ, ಗ್ರಹಣ ನೋಡಿದ್ದರಿಂದ, ಯಾರದೋ ದೃಷ್ಟಿ ತಾಗಿದ್ದರಿಂದ ಇದು ಬರುವುದಿಲ್ಲ. ಸೋದರ ಸಂಬಂಧದ ಮದುವೆಯೂ ಇದಕ್ಕೆ ಕಾರಣವಲ್ಲ. ಆ ಬಗೆಯ ಮದುವೆಯಿಂದ ಬೇರೆ ಕೆಲವು ಕಾಯಿಲೆಗಳು ಹೆಚ್ಚುವುದು ನಿಜವಾದರೂ ಈ ಕಾಯಿಲೆಗೆ ಒಬ್ಬರ ಕಡೆಯಿಂದ ಬಂದ ಒಂದು ಕೆಟ್ಟ ಪ್ರತಿಯೇ ಸಾಕು. ಬಹುಪಾಲು ಮಕ್ಕಳ ಮನೆತನದಲ್ಲಿ ಹಿಂದೆ ಯಾರಿಗೂ ಈ ಕಾಯಿಲೆ ಇರುವುದಿಲ್ಲ. ಸೊಸೆಯನ್ನು ದೂರುವ ಮನೆಯಲ್ಲಿ ಮಗುವಿನ ಚಿಕಿತ್ಸೆ ಹಿಂದೆ ಬೀಳುತ್ತದೆ. ಆದುದರಿಂದ ಈ ಮಾತನ್ನು ಅತ್ತೆ ಮಾವಂದಿರ ಎದುರಿನಲ್ಲಿಯೇ ಹೇಳುವುದು ಲೇಸು.

ಇದು ಅಪರೂಪದ ಕಾಯಿಲೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಸುಮಾರು 15,000ದಿಂದ 20,000 ಜನನಕ್ಕೆ ಒಂದರಂತೆ ಬರುತ್ತದೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 25 ಲಕ್ಷ 66 ಸಾವಿರ. ಸಾವಿರ ಜನಕ್ಕೆ ವರ್ಷಕ್ಕೆ 18 ಜನನವೆಂದು ಹಿಡಿದರೆ 46 ಸಾವಿರ ಶಿಶುಗಳಾಗುತ್ತವೆ. ಅಂದರೆ ಅಂದಾಜಿನ ಪ್ರಕಾರ ಇಡೀ ಜಿಲ್ಲೆಯಲ್ಲಿ ವರ್ಷಕ್ಕೆ ಎರಡು ಅಥವಾ ಮೂರು ಮಕ್ಕಳು. ಒಬ್ಬ ಆಶಾ ಕಾರ್ಯಕರ್ತೆ ತನ್ನ ಸೇವಾವಧಿಯುದ್ದಕ್ಕೂ ಇಂಥ ಒಂದು ಮಗುವನ್ನೂ ಕಾಣದೆ ಇರಬಹುದು. ಹಾಗಿದ್ದರೆ ಇಷ್ಟು ಮಾತು ಏಕೆ ಎಂಬ ಪ್ರಶ್ನೆ ಸಹಜ. ಒಂದು, ಅದೇ ನೋಟದಿಂದ ಹುಟ್ಟುಪೊರೆಯಂಥ ಇತರ ತೊಂದರೆಗಳೂ ಸಿಕ್ಕಿಬೀಳುತ್ತವೆ. ಹುಟ್ಟುಪೊರೆಯನ್ನು ಎಳವೆಯಲ್ಲಿಯೇ ತೆಗೆಯದಿದ್ದರೆ ಮೆದುಳು ಆ ಕಣ್ಣಿನಿಂದ ನೋಡುವುದನ್ನು ಕಲಿಯುವುದೇ ಇಲ್ಲ. ಎರಡು, ಕ್ಯಾನ್ಸರುಗಳ ಪೈಕಿ ಇಷ್ಟು ಚೆನ್ನಾಗಿ ಗುಣವಾಗುವುದು ಕಡಿಮೆ. ಗಂಟು ಕಣ್ಣಿನೊಳಗೇ ಇರುವಾಗ ಸರಿಯಾದ ಚಿಕಿತ್ಸೆ ದೊರೆತರೆ ನೂರಕ್ಕೆ 95ಕ್ಕಿಂತ ಹೆಚ್ಚು ಮಕ್ಕಳು ಬದುಕುತ್ತಾರೆ. ಅದು ದೃಷ್ಟಿನರದ ಗುಂಟ ಮೆದುಳಿಗೋ, ರಕ್ತದ ಮೂಲಕ ಅಸ್ಥಿಮಜ್ಜೆಗೋ ತಲುಪಿದರೆ ಚಿತ್ರ ಬೇರೆಯಾಗುತ್ತದೆ.

ತಡವೆಂಬುದು ಎಷ್ಟರಮಟ್ಟಿಗೆ ನಿರ್ಣಾಯಕ ಎಂಬುದಕ್ಕೆ ಅಂಕಿಅಂಶಗಳಿವೆ. 2017ರಲ್ಲಿ 153 ದೇಶಗಳಲ್ಲಿ ಪತ್ತೆಯಾದ 4,351 ಮಕ್ಕಳ ವಿವರಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಶ್ರೀಮಂತ ದೇಶಗಳಲ್ಲಿ ಕಾಯಿಲೆ ಪತ್ತೆಯಾದಾಗ ಮಕ್ಕಳ ಮಧ್ಯಮ ವಯಸ್ಸು 14 ತಿಂಗಳು. ಅತಿ ಬಡ ದೇಶಗಳಲ್ಲಿ 30 ತಿಂಗಳು. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಆಗಲೇ ದೇಹದ ಬೇರೆಡೆಗೆ ಹರಡಿದ್ದ ಮಕ್ಕಳು ಸಾವಿರಕ್ಕೆ ಮೂವರು. ಬಡ ದೇಶಗಳಲ್ಲಿ ನೂರಕ್ಕೆ ಸುಮಾರು 19. ಕಾಯಿಲೆ ಒಂದೇ, ಮಕ್ಕಳ ದೇಹವೂ ಒಂದೇ. ನಡುವೆ ಇರುವುದು ಹದಿನಾರು ತಿಂಗಳ ಅಂತರ.

ಅದೇ ಅಧ್ಯಯನದಲ್ಲಿ ಮೊದಲ ಲಕ್ಷಣವಾಗಿ ಪಾಪೆಯ ಬಿಳುಪು ಕಂಡ ಮಕ್ಕಳು ನೂರಕ್ಕೆ ಸುಮಾರು 63. ಎರಡನೆಯ ಸ್ಥಾನ ಮೆಳ್ಳಗಣ್ಣಿನದು, ನೂರಕ್ಕೆ 10. ಮೆಳ್ಳಗಣ್ಣು ಅದೃಷ್ಟದ ಗುರುತೆಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಮೊದಲ ಎರಡು ಮೂರು ತಿಂಗಳಲ್ಲಿ ಶಿಶುವಿನ ಕಣ್ಣುಗಳು ಆಗಾಗ ಓರೆಯಾಗುವುದು ಸಹಜ. ಆನಂತರವೂ ಒಂದು ಕಣ್ಣು ಒಂದೇ ಕಡೆಗೆ ವಾಲಿರುವುದು ಸಹಜವಲ್ಲ. ಕಣ್ಣು ಕೆಂಪಾಗಿ ನೋಯುವುದು, ಊದಿಕೊಳ್ಳುವುದು, ಮುಂದಕ್ಕೆ ಚಾಚಿಕೊಳ್ಳುವುದು ತಡವಾದ ಲಕ್ಷಣಗಳು. ವಾಡಿ, ಸೇಡಂ, ಶಹಾಬಾದ್ ಕಡೆಗಳಲ್ಲಿ ಇಲ್ಲಿ ಒಂದು ತೊಡಕಿದೆ. ಕಣ್ಣು ಕೆಂಪಾದರೆ ಸಿಮೆಂಟಿನ ಧೂಳು, ಕಲ್ಲುಗಣಿಯ ಧೂಳು ಎಂದು ಸುಲಭವಾಗಿ ತೀರ್ಮಾನವಾಗಿಬಿಡುತ್ತದೆ. ಧೂಳಿನಿಂದ ಕಣ್ಣು ಕೆಂಪಾಗುವುದು ಸುಳ್ಳಲ್ಲ, ಆದರೆ ಧೂಳು ಪಾಪೆಯ ಒಳಗೆ ಬಿಳುಪನ್ನು ಉಂಟುಮಾಡುವುದಿಲ್ಲ. ಎದೆಹಾಲು ಹಿಂಡುವುದು, ಹರಳೆಣ್ಣೆ ಬಿಡುವುದು, ಔಷಧ ಅಂಗಡಿಯಿಂದ ಹನಿ ತಂದು ಹಾಕುವುದು ಇವುಗಳಲ್ಲಿ ಒಂದೂ ಈ ಕಾಯಿಲೆಯನ್ನು ತಾಗುವುದಿಲ್ಲ. ಅಷ್ಟರಲ್ಲಿ ವಾರಗಳು ಕಳೆದಿರುತ್ತವೆ.

ಬಿಳುಪು ದಿನದ ಬೆಳಕಿನಲ್ಲಿ ಕಾಣದೆ ಇರಬಹುದು. ಅದಕ್ಕೆ ಇಂದು ಎಲ್ಲರ ಕೈಯಲ್ಲಿರುವ ಮೊಬೈಲೇ ಒಂದು ಸಾಧನ. ಮಬ್ಬು ಬೆಳಕಿನ ಕೋಣೆಯಲ್ಲಿ ಫ್ಲ್ಯಾಶ್ ಹಾಕಿ ತೆಗೆದ ಚಿತ್ರದಲ್ಲಿ ಆರೋಗ್ಯವಂತ ಮಗುವಿನ ಎರಡೂ ಪಾಪೆಗಳು ಒಂದೇ ರೀತಿ ಕೆಂಪಾಗಿ ಅಥವಾ ಎರಡೂ ಕಪ್ಪಾಗಿ ಬರುತ್ತವೆ. ಒಂದು ಕೆಂಪು, ಮತ್ತೊಂದು ಬಿಳಿ ಅಥವಾ ಹಳದಿ ಬಂದರೆ ಎಚ್ಚರ ವಹಿಸಬೇಕು. ಕಣ್ಣಿನ ಕೆಂಪು ಅಳಿಸುವ ಸೌಲಭ್ಯ ಮೊಬೈಲಿನಲ್ಲಿದ್ದರೆ ಅದನ್ನು ಆರಿಸಿಡಬೇಕು. ಮಗು ಓರೆಯಾಗಿ ನೋಡುತ್ತಿರುವಾಗ ತೆಗೆದ ಒಂದೇ ಚಿತ್ರದಲ್ಲಿ ಬಿಳುಪು ಬಂದರೆ ಅದು ಕೋನದ ಆಟವೂ ಆಗಿರಬಹುದು, ಏಕೆಂದರೆ ದೃಷ್ಟಿನರ ಕಣ್ಣಿಗೆ ಸೇರುವ ಬಿಳಿಯ ಜಾಗದಿಂದ ಬೆಳಕು ಹಿಂದಿರುಗುತ್ತದೆ. ಜವಳದಂದು, ಜಾತ್ರೆಯಲ್ಲಿ, ಮದುವೆಯಲ್ಲಿ ತೆಗೆದ ಹಳೆಯ ಚಿತ್ರಗಳನ್ನು ಹಿಂದಕ್ಕೆ ಸರಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಚಿತ್ರ ಚೆನ್ನಾಗಿ ಬಂದಿದೆ ಎಂಬುದು ಕಣ್ಣು ಆರೋಗ್ಯವಾಗಿದೆ ಎಂಬುದಕ್ಕೆ ಪ್ರಮಾಣಪತ್ರವಲ್ಲ. ತಾಯಿ ‘ಏನೋ ಹೊಳೆಯಿತು’ ಎಂದು ಹೇಳಿದ ಮಾತಿಗೆ ಚಿತ್ರಕ್ಕಿಂತ ಹೆಚ್ಚಿನ ಬೆಲೆ ಕೊಡಬೇಕು.

ಇನ್ನು ಉಂಗುರದ ಬಣ್ಣದ ವಿಷಯ. ಎರಡೂ ಕಣ್ಣು ಒಂದೇ ರೀತಿ ತಿಳಿಬಣ್ಣದ್ದಾಗಿದ್ದು, ಮಗು ಚೆನ್ನಾಗಿ ನೋಡುತ್ತಿದ್ದು, ಮನೆತನದಲ್ಲಿ ಅಂಥ ಕಣ್ಣುಗಳಿದ್ದರೆ ಚಿಂತೆಯ ಕಾರಣವಿಲ್ಲ. ಆದರೆ ಕೆಲವು ಬಣ್ಣಗಳು ಕಣ್ಣಿನ ಆಚೆಗಿನ ಸಂಗತಿಯನ್ನು ಸೂಚಿಸುತ್ತವೆ. ಕಣ್ಣೊಂದು ಅಥವಾ ಎರಡೂ ಆಕಾಶದಂಥ ತೀವ್ರ ನೀಲಿಯಾಗಿದ್ದು, ಹಣೆಯ ಮೇಲಿನ ಕೂದಲಲ್ಲಿ ಬಿಳಿಯ ಗೊಂಚಲಿದ್ದರೆ ಅದು ವಾರ್ಡನ್‌ಬರ್ಗ್ ಲಕ್ಷಣವಾಗಿರಬಹುದು. 1951ರಲ್ಲಿ ಅದನ್ನು ವಿವರಿಸಿದ ಡಚ್ ವೈದ್ಯರ ಹೆಸರು ಅದಕ್ಕಿದೆ. ಅಂಥ ಮಕ್ಕಳಲ್ಲಿ ಕಣ್ಣಿಗೆ ಏನೂ ಆಗಿರುವುದಿಲ್ಲ. ಹಲವರಿಗೆ ಕಿವಿ ಕೇಳಿಸುವುದಿಲ್ಲ. ಜನರು ಚಂದದ ಕಣ್ಣನ್ನು ಮೆಚ್ಚಿ ಮಾತನಾಡುತ್ತಿರುವಾಗ ಮಗುವಿಗೆ ಆ ಮಾತೇ ಕೇಳಿಸುತ್ತಿರುವುದಿಲ್ಲ. ಶ್ರವಣ ಪರೀಕ್ಷೆ ಮೊದಲ ವರ್ಷದಲ್ಲಿಯೇ ಆಗಬೇಕು. ಕೂದಲು, ಚರ್ಮ, ಕಣ್ಣು ಎಲ್ಲವೂ ತೀರ ಬೆಳ್ಳಗಿದ್ದು ಬಿಸಿಲಿಗೆ ಕಣ್ಣು ಮುಚ್ಚುವ, ಕಣ್ಣುಗುಡ್ಡೆ ಅಲುಗಾಡುವ ಮಗುವಿಗೆ ಬಣ್ಣದ ಅಂಶದ ಕೊರತೆ ಇರುತ್ತದೆ. ಕನ್ನಡಕ ಮತ್ತು ಶಾಲೆಯಲ್ಲಿ ಮುಂದಿನ ಸಾಲು ಅವರಿಗೆ ದೊಡ್ಡ ಸಹಾಯ. ಕಣ್ಣಿನ ಬಿಳಿಭಾಗದಲ್ಲಿ ನೀಲಿಬೂದು ಕಲೆ ಇದ್ದು, ರೆಪ್ಪೆಯ ಸುತ್ತ ಚರ್ಮವೂ ನೀಲಿಯಾಗಿದ್ದರೆ ಅದು ಓಟಾ ಮಚ್ಚೆ. ಏಷ್ಯಾದ ಜನರಲ್ಲಿ ಇದು ಹೆಚ್ಚು. ಇಂಥ ಕಣ್ಣಿನಲ್ಲಿ ಒತ್ತಡ ಏರುವ ಸಾಧ್ಯತೆ ಇರುವುದರಿಂದ ವರ್ಷಕ್ಕೊಮ್ಮೆ ಪರೀಕ್ಷೆ ಬೇಕು; ಬಹಳ ಅಪರೂಪವಾಗಿ ಮುಂದೆ ಕ್ಯಾನ್ಸರ್ ಆಗುವುದೂ ಉಂಟು. ಬಿಳಿಭಾಗದ ಮೇಲೆ ನೊರೆಯಂಥ ಬಿಳಿ ಚುಕ್ಕೆ ಇದ್ದರೆ ಅದು ಎ ಜೀವಸತ್ವದ ಕೊರತೆ. ಅದನ್ನು ಅಂಗನವಾಡಿ ಕಾರ್ಯಕರ್ತೆಯರು ಬಲ್ಲರು.

ಹುಟ್ಟಿದಾಗ ಒಂದೇ ಬಣ್ಣದಲ್ಲಿದ್ದ ಎರಡು ಕಣ್ಣುಗಳ ಪೈಕಿ ಒಂದು ಬರಬರುತ್ತ ಬೇರೆ ಬಣ್ಣಕ್ಕೆ ತಿರುಗಿದರೆ ಅದನ್ನು ಬಣ್ಣವೆಂದು ಬಿಡಬಾರದು. ಒಳಗಿನ ಗಂಟು ಬೆಳೆದಾಗ ಐರಿಸ್‌ನ ಬಣ್ಣವೂ ಬದಲಾಗುವುದುಂಟು. ಒಂದು ಕಡೆಯ ಉಂಗುರ ತಿಳಿಯಾಗಿದ್ದು ಅದೇ ಕಡೆಯ ರೆಪ್ಪೆ ಜೋತು, ಪಾಪೆ ಚಿಕ್ಕದಾಗಿದ್ದರೆ ಕುತ್ತಿಗೆ ಅಥವಾ ಎದೆಯ ನರದಲ್ಲಿ ತೊಂದರೆ ಇರಬಹುದಾದ್ದರಿಂದ ಮಕ್ಕಳ ವೈದ್ಯರಿಗೆ ತೋರಿಸಬೇಕು.

ವ್ಯವಸ್ಥೆ ಇಲ್ಲವೆಂದಲ್ಲ. ಆಶಾ ಕಾರ್ಯಕರ್ತೆಯರು ಹೆರಿಗೆಯಾದ 42 ದಿನಗಳವರೆಗೆ ಮನೆಗೆ ಭೇಟಿ ನೀಡುತ್ತಾರೆ. ಆಮೇಲೆ 3, 6, 9, 12 ಮತ್ತು 15ನೆಯ ತಿಂಗಳಲ್ಲಿ ಭೇಟಿಗಳಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ ಬರುತ್ತವೆ. ನಾರಾಯಣ ನೇತ್ರಾಲಯವು 2008ರಿಂದ ನಡೆಸಿದ ಕಿಡ್ರಾಪ್ ಕಾರ್ಯಕ್ರಮದಲ್ಲಿ ತಂತ್ರಜ್ಞರು ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿಯೂ ಅವಧಿಪೂರ್ವ ಶಿಶುಗಳ ಅಕ್ಷಿಪಟದ ಚಿತ್ರ ತೆಗೆದು ಬೆಂಗಳೂರಿನ ತಜ್ಞರಿಗೆ ರವಾನಿಸುತ್ತ ಬಂದಿದ್ದಾರೆ. ಆದರೆ ಒಂದು ತೆರಪು ಉಳಿದಿದೆ. 15ನೆಯ ತಿಂಗಳಿನ ಭೇಟಿ ಮುಗಿದ ಮೇಲೆ ಮಗು ಮೂರು ವರ್ಷ ತುಂಬಿ ಅಂಗನವಾಡಿಯಲ್ಲಿ ಕೂರುವವರೆಗೆ ಅದರ ಮುಖವನ್ನು ಕ್ರಮವಾಗಿ ನೋಡುವವರು ಕಡಿಮೆ. ಒಂದೇ ಕಣ್ಣಿನ ಕಾಯಿಲೆ ತಲೆದೋರುವುದು ಸರಿಯಾಗಿ ಆ ಅವಧಿಯಲ್ಲಿ. ಒಂದು ಕಣ್ಣು ಕುರುಡಾದರೂ ಇನ್ನೊಂದರಿಂದ ಮಗು ಓಡಾಡುತ್ತದೆ, ಆಡುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಚಿಂಚೋಳಿ ಕಡೆಯ ತಾಂಡಾಗಳಿಂದ ಹೈದರಾಬಾದ್, ಪುಣೆ, ಮುಂಬಯಿಗಳಿಗೆ ಕೆಲಸಕ್ಕೆ ಹೋಗುವ ಕುಟುಂಬಗಳ ಮಕ್ಕಳಂತೂ ಎರಡೂ ಊರಿನ ಪಟ್ಟಿಯಿಂದ ಜಾರುತ್ತಾರೆ. ಆಹಾರ ಪೊಟ್ಟಣ ಒಯ್ಯಲು ತಾಯಿ ಬರುವ ದಿನ, ತೂಕ ನೋಡುವ ದಿನ, 16ರಿಂದ 24 ತಿಂಗಳ ಲಸಿಕೆಯ ದಿನ, ಗ್ರಾಮ ಪಂಚಾಯಿತಿಯ ಕೂಸಿನ ಮನೆಗೆ ಮಗುವನ್ನು ಬಿಡುವ ದಿನ, ಇವು ಆ ತೆರಪನ್ನು ಮುಚ್ಚಬಲ್ಲವು. ತೂಕದ ಜೊತೆಗೆ ಕಣ್ಣನ್ನೂ ನೋಡುವುದಕ್ಕೆ ಅರ್ಧ ನಿಮಿಷ ಸಾಕು. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿದಾಗ ಮಗು ಸುಮ್ಮನಿದ್ದು, ಇನ್ನೊಂದನ್ನು ಮುಚ್ಚಿದಾಗ ಕೈ ತಳ್ಳಿ ಅತ್ತರೆ, ಮೊದಲು ಮುಚ್ಚಿದ ಕಣ್ಣು ಕಾಣದಿರಬಹುದು.

ಕಣ್ಣಿನ ಶಿಬಿರವೆಂದರೆ ಈ ಕಡೆಯ ಹಿರಿಯರಿಗೆ ಊರೂರಿಗೆ ಹೋಗಿ ಪೊರೆ ತೆಗೆದ ಡಾ. ಎಂ.ಸಿ. ಮೋದಿಯವರ ನೆನಪು. ಆ ಮಹತ್ಕಾರ್ಯದಿಂದಾಗಿಯೇ ಕಣ್ಣಿನ ಕಾಯಿಲೆ ಮುಪ್ಪಿನದು, ಕಾದು ಬಲಿತ ಮೇಲೆ ತೆಗೆಸಬಹುದು ಎಂಬ ಭಾವನೆಯೂ ಬೇರೂರಿರಬಹುದು. ಮಗುವಿನ ಕಣ್ಣಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ.

ಅನುಮಾನ ಬಂದ ಮಗುವನ್ನು ಒಂದು ವಾರದೊಳಗೆ ಕಣ್ಣಿನ ತಜ್ಞರಿಗೆ ತಲುಪಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಕಲಬುರಗಿಯ ಜಿಮ್ಸ್ ಎಂಬುದು ಕ್ರಮ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಊರು ಬಿಡುವ ಮೊದಲೇ ಪಡೆಯಬೇಕು. ಬೆಂಗಳೂರಿನ ಕಿದ್ವಾಯಿ, ನಾರಾಯಣ ನೇತ್ರಾಲಯಗಳಲ್ಲಿಯೂ ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿಯೂ ಈ ಕಾಯಿಲೆಗೆ ಚಿಕಿತ್ಸೆ ಇದೆ. ವಾಡಿ, ಚಿತ್ತಾಪುರ, ಸೇಡಂ ಜನರಿಗೆ ತಾಂಡೂರಿನ ಮೇಲೆ ಹಾಯುವ ಸಿಕಂದರಾಬಾದ್ ರೈಲು ಹತ್ತಿರದ ದಾರಿ. ಯೋಜನೆಯ ಹಣ ಯಾವ ಆಸ್ಪತ್ರೆಯಲ್ಲಿ ದೊರೆಯುತ್ತದೆ ಎಂಬುದನ್ನು ಆರೋಗ್ಯಮಿತ್ರರಿಂದ ಖಚಿತಪಡಿಸಿಕೊಂಡೇ ಹೊರಡಬೇಕು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ಣ ರಿಯಾಯಿತಿಯೂ ಜೊತೆಗೆ ಹೋಗುವ ಒಬ್ಬರಿಗೆ ಶೇಕಡಾ 75 ರಿಯಾಯಿತಿಯೂ ಉಂಟು. ಆಸ್ಪತ್ರೆ ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಕೊಡುತ್ತದೆ.

ಎಲ್ಲಕ್ಕಿಂತ ಕಠಿಣವಾದ ಘಟ್ಟ ಆಮೇಲೆ ಬರುತ್ತದೆ. ಗಂಟು ಚಿಕ್ಕದಿದ್ದರೆ ಲೇಸರ್, ಶೀತಚಿಕಿತ್ಸೆ, ಕಿಮೋಥೆರಪಿಗಳಿಂದ ಕಣ್ಣನ್ನೂ ಉಳಿಸಬಹುದು. ಗಂಟು ಕಣ್ಣನ್ನು ತುಂಬಿದ್ದರೆ ವೈದ್ಯರು ಕಣ್ಣನ್ನೇ ತೆಗೆಯಬೇಕೆನ್ನುತ್ತಾರೆ. ಆ ಮಾತು ಕೇಳಿದ ತಂದೆತಾಯಿ ಮಗುವನ್ನು ಎತ್ತಿಕೊಂಡು ಊರಿಗೆ ಮರಳುವುದು ಎಲ್ಲೆಡೆ ಕಂಡುಬಂದ ಸಂಗತಿ. ಹರಕೆ, ಮತ್ತೊಂದು ಆಸ್ಪತ್ರೆ, ಹೆಣ್ಣುಮಗುವಾಗಿದ್ದರೆ ಮುಂದಿನ ಮದುವೆಯ ಚಿಂತೆ, ಇವುಗಳ ನಡುವೆ ತಿಂಗಳುಗಳು ಜಾರುತ್ತವೆ. ಅವರನ್ನು ಅಜ್ಞಾನಿಗಳೆಂದು ಗದರುವುದರಿಂದ ಪ್ರಯೋಜನವಿಲ್ಲ. ಹೇಳಬೇಕಾದ ನಿಜ ಇದು: ತೆಗೆಯುವ ಆ ಕಣ್ಣು ಆಗಲೇ ದೃಷ್ಟಿ ಕಳೆದುಕೊಂಡಿರುತ್ತದೆ, ಉಳಿಸಿಕೊಂಡರೆ ಉಳಿಯುವುದು ಕಣ್ಣಲ್ಲ, ಕ್ಯಾನ್ಸರ್. ಶಸ್ತ್ರಚಿಕಿತ್ಸೆಯ ಸುಮಾರು ಆರು ವಾರಗಳ ನಂತರ ಇನ್ನೊಂದು ಕಣ್ಣಿನ ಬಣ್ಣಕ್ಕೆ ಹೊಂದುವ ಕೃತಕ ಕಣ್ಣು ಕೂರಿಸುತ್ತಾರೆ, ಮಗು ಬೆಳೆದಂತೆ ಅದನ್ನು ಬದಲಿಸುತ್ತಾರೆ. ಒಂದು ಕಣ್ಣಿನಿಂದ ಮಗು ಓದುತ್ತದೆ, ಸೈಕಲ್ ತುಳಿಯುತ್ತದೆ. ಚಿಕಿತ್ಸೆ ಮುಗಿಸಿದ ಕುಟುಂಬವೊಂದು ಸುತ್ತಮುತ್ತ ಇದ್ದು, ಅವರು ಒಪ್ಪಿದರೆ, ಅವರ ಬಾಯಿಂದಲೇ ಈ ಮಾತು ಹೇಳಿಸುವುದು ಅಧಿಕಾರಿಗಳ ಹತ್ತು ಮಾತಿಗಿಂತ ಮೇಲು.

ಚಿಕಿತ್ಸೆ ಮುಗಿದ ಮೇಲೂ ಕೆಲಸವಿದೆ. ತಮ್ಮ ತಂಗಿಯರ, ತಂದೆತಾಯಿಯರ ಕಣ್ಣುಗಳನ್ನೂ ಪರೀಕ್ಷಿಸಬೇಕು. ವಂಶವಾಹಿಯ ದೋಷವಿರುವ ವ್ಯಕ್ತಿಯ ಪ್ರತಿ ಮಗುವಿಗೂ ಆ ದೋಷ ಬರುವ ಸಾಧ್ಯತೆ ಅರ್ಧದಷ್ಟು. ಅಂಥ ಶಿಶುವನ್ನು ಹುಟ್ಟಿದ ವಾರಗಳಲ್ಲಿಯೇ ತೋರಿಸಿದರೆ ಗಂಟು ಸಾಸಿವೆಯಷ್ಟಿರುವಾಗಲೇ ಸುಟ್ಟುಹಾಕಬಹುದು.

ಗ್ರಾಮ ಪಂಚಾಯಿತಿಗಳು ಮಾಡಬಹುದಾದದ್ದು ಇಷ್ಟು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣ ಸಮಿತಿಯ ಮಾಸಿಕ ಸಭೆಯಲ್ಲಿ ಮೂರು ವರ್ಷದೊಳಗಿನ ಮಕ್ಕಳ ಕಣ್ಣಿನ ವಿಷಯವನ್ನು ಕಾರ್ಯಸೂಚಿಗೆ ಸೇರಿಸುವುದು. ಸಮಿತಿಯ ಮುಕ್ತನಿಧಿಯಿಂದ ಬಡ ಕುಟುಂಬದ ಮೊದಲ ಪ್ರಯಾಣದ ವೆಚ್ಚ ಭರಿಸುವ ಕುರಿತು ನಿರ್ಣಯಿಸುವುದು. ಬಹಳ ಮನೆಗಳಲ್ಲಿ ಎರಡು ದಿನದ ಕೂಲಿ ಮತ್ತು ಬಸ್ಸಿನ ದುಡ್ಡೇ ಒಂದು ತಿಂಗಳ ತಡಕ್ಕೆ ಕಾರಣ. ದುಡಿಯಲು ಹೊರಡುವ ಕುಟುಂಬಗಳ ಮಕ್ಕಳನ್ನು ಹೊರಡುವ ಮುನ್ನ ಮತ್ತು ಮರಳಿದ ಮೇಲೆ ನೋಡುವುದು. ಶಿಫಾರಸಾದ ಮಗುವಿನ ಹೆಸರು ವಹಿಯಲ್ಲಿ ಬರೆದ ಮೇಲೆ, ತಜ್ಞರು ನೋಡಿದ ದಿನಾಂಕ ಎದುರಿನ ಕಲಮಿನಲ್ಲಿ ಬೀಳುವವರೆಗೆ ಆ ಸಾಲನ್ನು ಮುಚ್ಚದಿರುವುದು.